ಹೊಸ ಕಾರಿಗೆ ಟ್ರಾಲಿ ಉಜ್ಜಿದೆ: ಡೋರ್ ಬದಲಿಸಬೇಕಾ, ಕ್ವಾರ್ಟರ್ ಪ್ಯಾನೆಲ್ ಕತ್ತರಿಸಬೇಕಾ, ಹೊರಗಿನ ಟಿಂಕರ್ ಸಾಕಾ?

ಗಂಗಾವತಿ_ಭತ್ತ

ಎಲ್ಲರಿಗೂ ನಮಸ್ಕಾರ. ಕಾರು ತಗೊಂಡು ಇನ್ನೂ ಮೊದಲ ಸರ್ವಿಸ್ ಕೂಡ ಆಗಿಲ್ಲ. ಸುಗ್ಗಿ ಟೈಮು, ಗಂಗಾವತಿ ಎಪಿಎಂಸಿ ಕಡೆ ಗಾಡಿ ನಿಲ್ಲಿಸಿದ್ದೆ. ಭತ್ತದ ಚೀಲ ಹೇರಿದ್ದ ಟ್ರ್ಯಾಕ್ಟರ್ ತಿರುಗಿಸಿಕೊಳ್ಳುವಾಗ ಟ್ರಾಲಿಯ ಮೂಲೆ ಎಡಗಡೆಗೆ ಉಜ್ಜಿಕೊಂಡು ಹೋಗಿದೆ.

ಹಿಂದಿನ ಡೋರ್‌ನಲ್ಲಿ ಅಂಗೈ ಅಗಲದ ಡೆಂಟ್. ಹ್ಯಾಂಡಲ್ ಕೆಳಗೆ ಒಂದು ಚೂಪು ಗೆರೆ ಬರುತ್ತಲ್ಲ, ಅದೇ ಒಳಗೆ ಮಡಚಿದೆ. ಅಲ್ಲಿಂದ ಹಿಂದಿನ ಚಕ್ರದ ಮೇಲಿನವರೆಗೆ ಉದ್ದಕ್ಕೆ ಗೀರು. ಕ್ವಾರ್ಟರ್ ಪ್ಯಾನೆಲ್, ಅಂದ್ರೆ ಹಿಂದಿನ ಚಕ್ರದ ಸುತ್ತಲಿನ ತಗಡು, ಸ್ವಲ್ಪ ತಗ್ಗಿದೆ, ಒಂದು ಕಡೆ ಬಣ್ಣ ಎದ್ದು ತಗಡು ಕಾಣುತ್ತಿದೆ. ಬಂಪರ್ ಮೂಲೆಯೂ ಕೆರೆದಿದೆ. ಬಣ್ಣ ಪರ್ಲ್ ವೈಟ್.

ಶೋರೂಮಿನ ಬಾಡಿಶಾಪ್‌ನವರು ಡೋರ್ ಹೊಸದು, ಬಂಪರ್ ಹೊಸದು, ಕ್ವಾರ್ಟರ್ ಪ್ಯಾನೆಲ್ ಕಟ್ ಮಾಡಿ ಹೊಸದು ಅಂತ ಎಪ್ಪತ್ತು ಸಾವಿರದ ಮೇಲೆ ಎಸ್ಟಿಮೇಟ್ ಕೊಟ್ಟಿದ್ದಾರೆ. "ಜೀರೋ ಡೆಪ್ ಇದೆಯಲ್ಲ ಸರ್, ನಿಮ್ಮ ಜೇಬಿಂದ ಏನೂ ಹೋಗಲ್ಲ" ಎಂಬ ಮಾತು ಬೇರೆ. (ಜೀರೋ ಡೆಪ್ ಅಂದ್ರೆ ಪಾರ್ಟ್ಸ್ ಹಳೆಯದಾಯ್ತು ಅಂತ ಕ್ಲೇಮ್ ದುಡ್ಡಲ್ಲಿ ಕಡಿತ ಮಾಡದ ಪಾಲಿಸಿ.) ನಮ್ಮ ಮಾವ, "ಬಳ್ಳಾರಿಗೆ ತಗೊಂಡು ಬಾ, ನನಗೆ ಗೊತ್ತಿರೋ ಟಿಂಕರ್ ಇದ್ದಾನೆ, ಹದಿನಾಲ್ಕು ಸಾವಿರಕ್ಕೆ ಮುಗಿಸ್ತಾನೆ" ಅಂತಾರೆ. ಮನೆಯಲ್ಲಿ ಎರಡು ಪಾರ್ಟಿ ಆಗಿದೆ. ಏನು ಮಾಡಲಿ?

ರಾಯಚೂರು_ಬಿಸಿಲು

ಅಣ್ಣಾ, ಮೊದಲು ಫೋಟೋ, ವಿಡಿಯೋ ಎಲ್ಲ ತೆಗೆದಿಟ್ಟುಕೊಳ್ಳಿ. ನಂಬರ್ ಪ್ಲೇಟ್ ಕಾಣುವಂತೆ ಒಂದಾದರೂ ಇರಲಿ. ಇನ್ಶೂರೆನ್ಸ್‌ಗೆ ಇವತ್ತೇ ತಿಳಿಸಿ. ಸರ್ವೇ ಆಗುವವರೆಗೆ ಯಾರ ಕೈಗೂ ಕೊಡಬೇಡಿ. ಸುತ್ತಿಗೆ ಬಿದ್ದ ಮೇಲೆ ನಷ್ಟ ನೋಡಲು ಇನ್ಶೂರೆನ್ಸ್ ಕಡೆಯಿಂದ ಬರುವ ಸರ್ವೇಯರ್ ಏನು ನೋಡ್ತಾನೆ?

ಟ್ರ್ಯಾಕ್ಟರ್‌ನವನ ಹತ್ತಿರ ಏನಾದರೂ ವಸೂಲಾಯ್ತಾ?

ಗಂಗಾವತಿ_ಭತ್ತ

ಅವನು ನಮ್ಮ ಪಕ್ಕದ ಊರಿನವನೇ. ಕೈ ಮುಗಿದ. ಬಿಟ್ಟೆ.

ಪಾಲಿಸಿ_ಪುಟ

ಬಿಟ್ಟಿದ್ದು ಒಳ್ಳೆಯದೇ ಆಯ್ತು ಬಿಡಿ. ಎದುರಿನವರ ಥರ್ಡ್ ಪಾರ್ಟಿ ಇನ್ಶೂರೆನ್ಸಿನಿಂದ ಗಾಡಿಯ ನಷ್ಟ ಪಡೆಯಲು ಅವಕಾಶ ಇದೆ, 7.5 ಲಕ್ಷದವರೆಗೆ. ಆದರೆ ಅದಕ್ಕೆ ಪೊಲೀಸ್ ಕೇಸ್, ಆಮೇಲೆ ಮೋಟಾರ್ ಅಪಘಾತ ಪರಿಹಾರ ನ್ಯಾಯಮಂಡಳಿ. ಒಂದು ಡೋರ್‌ಗೋಸ್ಕರ ಅಷ್ಟು ಓಡಾಡುವವರನ್ನು ನಾನಂತೂ ನೋಡಿಲ್ಲ. ನಿಮ್ಮದೇ ಓನ್ ಡ್ಯಾಮೇಜ್‌ನಲ್ಲಿ, ಅಂದ್ರೆ ನಿಮ್ಮ ಪಾಲಿಸಿಯಲ್ಲಿ ಸ್ವಂತ ಗಾಡಿಯ ನಷ್ಟಕ್ಕಿರುವ ಭಾಗದಲ್ಲಿ, ಮುಗಿಸಿ. ಯಾರಿಗೂ ಪೆಟ್ಟಾಗಿಲ್ಲ ಅಂದ್ರೆ ಇದಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಕೇಳುವುದಿಲ್ಲ.

ಇನ್ನು "ಜೇಬಿಂದ ಏನೂ ಹೋಗಲ್ಲ" ಅನ್ನೋ ಮಾತಿಗೆ ಬರೋಣ. ಹೋಗುತ್ತೆ.

ಮೊದಲನೆಯದು ಕಡ್ಡಾಯ ಕಡಿತ. ಇಂಜಿನ್ 1500 ಸಿಸಿ ಒಳಗಿದ್ದರೆ 1000 ರೂಪಾಯಿ, ಮೇಲಿದ್ದರೆ 2000. ಜೀರೋ ಡೆಪ್ ಇದ್ದರೂ ಇದು ಪ್ರತಿ ಕ್ಲೇಮಿಗೆ ನಿಮ್ಮ ತಲೆ ಮೇಲೆಯೇ.

ಎರಡನೆಯದು ನೋ ಕ್ಲೇಮ್ ಬೋನಸ್, ಅಂದ್ರೆ ರಿನ್ಯೂವಲ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ 20%, ಆಮೇಲೆ ವರ್ಷ ವರ್ಷ 25, 35, 45, ಕೊನೆಗೆ 50%. ಈಗ ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ನಲ್ಲಿ ನಿಮ್ಮದು ಸೊನ್ನೆ. ಜನ ಇಲ್ಲಿಗೇ ಲೆಕ್ಕ ನಿಲ್ಲಿಸ್ತಾರೆ, 20% ಹೋಯ್ತು ಅಷ್ಟೇ ಅಂತ. ಆದರೆ ನೀವು ಇಡೀ ಏಣಿಯಲ್ಲಿ ಒಂದು ಮೆಟ್ಟಿಲು ಹಿಂದೆ ಬೀಳ್ತೀರಿ. ಈ ವರ್ಷ 20 ಹೋಗುತ್ತೆ. ಮುಂದಿನ ವರ್ಷ 25ರ ಜಾಗದಲ್ಲಿ 20, ಅಂದ್ರೆ 5 ಹೋಗುತ್ತೆ. ಆಮೇಲೆ 10, ಮತ್ತೆ 10, ಕೊನೆಗೆ 5. ಕೂಡಿಸಿ, 50. ಐದು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ವರ್ಷದ ಪ್ರೀಮಿಯಂ ಹೋದಂತೆ. ಗಮನಿಸಿ, ಇದು ಓನ್ ಡ್ಯಾಮೇಜ್ ಭಾಗದ ಮೇಲೆ ಮಾತ್ರ. ಥರ್ಡ್ ಪಾರ್ಟಿ ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ.

ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 12,000 ಅಂತ ಇಟ್ಟುಕೊಂಡರೆ ಸುಮಾರು 6,000 ಬೋನಸ್ ನಷ್ಟ, 1,000 ಕಡಿತ. ಅಂದ್ರೆ ಏಳು ಸಾವಿರದ ಒಳಗಿನ ಕೆಲಸಕ್ಕೆ ಕ್ಲೇಮ್ ಮಾಡಿದರೆ ನಷ್ಟ ನಿಮಗೇ. ನಿಮ್ಮ ಕೆಲಸ ಅದನ್ನು ಎಲ್ಲೋ ದಾಟಿದೆ. ಕ್ಲೇಮ್ ಮಾಡಿ. ಆದರೆ "ಇನ್ಶೂರೆನ್ಸ್ ದುಡ್ಡು ತಾನೇ, ಎಲ್ಲ ಬದಲಿಸಿ" ಅಂತ ಮಾತ್ರ ಹೇಳಬೇಡಿ. ಅದು ಬೇರೆ ವಿಷಯ, ಕೆಲಸ ಗೊತ್ತಿರುವವರು ಹೇಳಲಿ.

ಟಿಂಕರ್_ಮಗ_ಬಳ್ಳಾರಿ

ಅದಕ್ಕೇ ಬಂದೆ. ಅಪ್ಪನ ಶೆಡ್ ಇತ್ತು, ನಾನು ಅಲ್ಲೇ ವಾಟರ್ ಪೇಪರ್ ತಿಕ್ಕಿ ಬೆಳೆದವನು. ಈಗ ಬೇರೆ ಕೆಲಸ.

ಅಣ್ಣಾ, ಒಂದೇ ಒಂದು ಮಾತು ಕೇಳಿ. ಕ್ವಾರ್ಟರ್ ಪ್ಯಾನೆಲ್ ಕತ್ತರಿಸಲು ಬಿಡಬೇಡಿ.

ಕಾರಿನ ತಗಡಿನಲ್ಲಿ ಎರಡು ಜಾತಿ. ಬೋಲ್ಟ್ ಹಾಕಿ ಕೂರಿಸಿದ್ದು, ವೆಲ್ಡ್ ಮಾಡಿ ಸೇರಿಸಿದ್ದು. ಬಾನೆಟ್, ಮುಂದಿನ ಫೆಂಡರ್, ಡೋರ್, ಡಿಕ್ಕಿ ಬಾಗಿಲು, ಇವೆಲ್ಲ ಬೋಲ್ಟ್. ಬಿಚ್ಚಿ ಹೊಸದು ಹಾಕಿದರೆ ಗಾಡಿಯ ಮೈಗೆ ಏನೂ ಆಗಲ್ಲ. ಹಿಂದಿನ ಕ್ವಾರ್ಟರ್ ಪ್ಯಾನೆಲ್, ರೂಫ್, ಡೋರ್ ಕೆಳಗಿನ ಸಿಲ್, ಇವು ಬಾಡಿಗೆ ಸ್ಪಾಟ್ ವೆಲ್ಡ್ ಆಗಿರುತ್ತವೆ. ಬದಲಿಸುವುದು ಅಂದ್ರೆ ಕಂಬದ ಹತ್ತಿರ ಗ್ರೈಂಡರ್ ಇಟ್ಟು ಕೊಯ್ಯುವುದು.

ಫ್ಯಾಕ್ಟರಿಯಲ್ಲಿ ಬಾಡಿ ಪೂರ್ತಿ ವೆಲ್ಡ್ ಆದ ಮೇಲೆ ಅದನ್ನು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸುತ್ತಾರೆ. ಮಿರ್ಚಿಯನ್ನು ಹಿಟ್ಟಿನಲ್ಲಿ ಅದ್ದಿದ ಹಾಗೆ ಒಳಗಿನ ಸಂದಿಗೊಂದಿಗೂ ಹಿಡಿಯುತ್ತೆ. ಆಮೇಲೆ ಅದನ್ನು ದೊಡ್ಡ ಓವನ್‌ನಲ್ಲಿ ಸುಡುತ್ತಾರೆ. ತುಕ್ಕು ತಡೆಯುವುದು ಆ ಪದರ, ಮೇಲಿನ ಬಣ್ಣ ಅಲ್ಲ. ನೀವು ಕೊಯ್ದು ಹೊಸ ತಗಡು ಬೆಸೆದ ಜಾಗದಲ್ಲಿ ಒಳಗಿನ ಪದರ ಸುಟ್ಟು ಹೋಗಿರುತ್ತೆ. ಹೊರಗಿಂದ ಎಷ್ಟೇ ಚಂದ ಪೇಂಟ್ ಹೊಡೆದರೂ ಒಳಗೆ ಬ್ರಷ್ ಹೋಗಲ್ಲ. ಒಳಗಿನ ಟೊಳ್ಳಿಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಹೊಡೆಯಬೇಕು, ಸಂದಿಗೆ ಸೀಲರ್ ಹಾಕಬೇಕು. ಮಾಡುವವರು ಮಾಡುತ್ತಾರೆ, ಸುಮ್ನೆ ಮುಚ್ಚಿ ಕಳಿಸುವವರೂ ಇದ್ದಾರೆ. ನೀವು ಒಳಗೆ ಇಣುಕಿ ನೋಡಲು ಆಗಲ್ಲವಲ್ಲ.

ಹಿಂದಿನಿಂದ ಜೋರಾಗಿ ಗುದ್ದಿ ತಗಡು ಹರಿದಿದ್ದರೆ ಕತ್ತರಿಸಲೇಬೇಕು, ಒಪ್ಪೋಣ. ಸ್ವಲ್ಪ ತಗ್ಗಿದ್ದಕ್ಕೆ ಯಾಕೆ? ತಗ್ಗಿಗೆ ಸಣ್ಣ ವಾಷರ್ ಅಥವಾ ಪಿನ್ ಸ್ಪಾಟ್ ಹಿಡಿಸಿ, ಪುಲ್ಲರ್‌ನಲ್ಲಿ ಹೊರಗೆ ಎಳೆದು, ಪಿನ್ ಮುರಿದು ತಿಕ್ಕಿದರೆ ಮುಗೀತು. ಮೇಲೆ ತೆಳ್ಳಗೆ ಪುಟ್ಟಿ. ಎಲ್ಲ ಒಳ್ಳೆ ಬಾಡಿಶಾಪ್‌ನಲ್ಲೂ ಈ ಮಷಿನ್ ಇರುತ್ತೆ. ಕೂತು ಎಳೆಯುವ ಕೆಲಸಗಾರ ಬೇಕು, ಅದೇ ಕಷ್ಟ. ಬದಲಿಸಿದರೆ ಅವರಿಗೆ ಪಾರ್ಟ್ಸ್ ಬಿಲ್ಲೂ ಬರುತ್ತೆ, ತಲೆನೋವೂ ಕಡಿಮೆ.

ತೋರಣಗಲ್ಲು_ನೈಟ್‌ಶಿಫ್ಟ್

ಪುಟ್ಟಿ ಅಂದ ಕೂಡಲೇ ನನಗೆ ಭಯ. ಹೊಸ ಗಾಡಿಗೆ ಪುಟ್ಟಿ ಮೆತ್ತಿಸೋದಾ? ಎರಡು ಬೇಸಿಗೆ ಆದ ಮೇಲೆ ಬಿರುಕು ಬಿಡುತ್ತೆ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಏಪ್ರಿಲ್‌ನಲ್ಲಿ ಬಾನೆಟ್ ಮೇಲೆ ಕೈ ಇಡೋಕಾಗಲ್ಲ.

ಟಿಂಕರ್_ಮಗ_ಬಳ್ಳಾರಿ

ಬಿರುಕು ಬಿಡುವುದು ಪುಟ್ಟಿಯಿಂದ ಅಲ್ಲ ಸರ್, ದಪ್ಪ ಪುಟ್ಟಿಯಿಂದ. ತಗಡನ್ನು ಸರಿಯಾಗಿ ಎಬ್ಬಿಸದೆ ತಗ್ಗನ್ನೇ ಪುಟ್ಟಿಯಲ್ಲಿ ತುಂಬಿಸಿದರೆ, ಗಟ್ಟಿಯಾಗಲು ಕಲಸುವ ಹಾರ್ಡನರ್ ಜಾಸ್ತಿ ಹಾಕಿದರೆ, ಒದ್ದೆ ಇದ್ದಾಗಲೇ ಮೇಲೆ ಪ್ರೈಮರ್ ಹೊಡೆದರೆ ಬಿರುಕು ಬಿಡುತ್ತೆ. ತಗಡು ಮೊದಲಿನ ಮಟ್ಟಕ್ಕೆ ಬಂದ ಮೇಲೆ ಒಂದೆರಡು ಮಿಲಿಮೀಟರ್ ಒಳಗೆ ಹಾಕಿದ ಪುಟ್ಟಿ ವರ್ಷಗಟ್ಟಲೆ ಇರುತ್ತೆ.

ಅಪ್ಪ ಪುಟ್ಟಿ ಹಾಕುವ ಮೊದಲು ಅಂಗೈಗೆ ಒಂದು ತೆಳು ಬಟ್ಟೆ ಸುತ್ತಿಕೊಂಡು, ಕಣ್ಣು ಬೇರೆ ಕಡೆ ಇಟ್ಟು, ಡೋರ್ ಮೇಲೆ ಉದ್ದಕ್ಕೆ ಎಳೆಯುತ್ತಿದ್ದರು. ಬರಿಗೈ ಅಂಟಿಕೊಳ್ಳುತ್ತೆ, ಬಟ್ಟೆ ಇದ್ದರೆ ಜಾರುತ್ತೆ, ಆಗ ಏರು ತಗ್ಗು ಬೆರಳಿಗೆ ಸಿಗುತ್ತೆ ಅನ್ನೋರು. ಸಿಕ್ಕ ಕಡೆ ಸೀಮೆಸುಣ್ಣದಲ್ಲಿ ಗುರುತು, ಮತ್ತೆ ಸುತ್ತಿಗೆ. ನಿಮ್ಮ ಮಾವನ ಟಿಂಕರ್ ಹಾಗೆ ಕೈ ಆಡಿಸುವವನಾ ಅಥವಾ ನೇರ ಪುಟ್ಟಿ ಡಬ್ಬಿ ಬಿಚ್ಚುವವನಾ ನೋಡಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತೆ.

ತೋರಣಗಲ್ಲು_ನೈಟ್‌ಶಿಫ್ಟ್

ಆದರೂ ನಾನು ಹೊರಗೆ ಬೇಡ ಅಂತೀನಿ. ಹೊಸ ಗಾಡಿ, ಬಾಡಿ ತುಕ್ಕಿನ ವಾರಂಟಿ ಇರುತ್ತೆ. ಹೊರಗೆ ವೆಲ್ಡ್ ಮಾಡಿಸಿದರೆ, ನಾಳೆ ಆ ಜಾಗ ತುಕ್ಕು ಹಿಡಿದರೆ ಕಂಪನಿಯವರು ಕೈ ಎತ್ತುತ್ತಾರೆ. ವಾರಂಟಿ ಪುಸ್ತಕ ಒಮ್ಮೆ ಓದಿ.

ಟಿಂಕರ್_ಮಗ_ಬಳ್ಳಾರಿ

ಅದನ್ನು ಒಪ್ತೀನಿ. ಕ್ಲೇಮ್ ಇರೋದ್ರಿಂದ ಇವರು ಶೋರೂಮ್ ಬಾಡಿಶಾಪ್‌ಗೇ ಹೋಗಲಿ. ಆದರೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಬಾರದು. ಡೋರ್ ಬದಲಿಸಿ, ಕ್ವಾರ್ಟರ್ ಎಳೆಯಿರಿ, ಬಂಪರ್ ಬರೀ ಪೇಂಟ್.

ಕೊಪ್ಪಳ_ಟೀಚರ್

ಡೋರ್ ಕೂಡ ಯಾಕೆ ಬದಲಿಸಬೇಕು? ಅಂಗೈ ಅಗಲದ ಡೆಂಟ್ ತಾನೇ. ಪೇಂಟ್ ಇಲ್ಲದೆ ಡೆಂಟ್ ತೆಗೆಯುವವರು ಇದ್ದಾರಲ್ಲ, ಪಿಡಿಆರ್ ಅಂತಾರೆ. ನಮ್ಮ ಕಾರಿಗೆ ಹುಬ್ಬಳ್ಳಿಯಲ್ಲಿ ಮಾಡಿಸಿದ್ದು, ಗುರುತೇ ಇಲ್ಲ.

ಟಿಂಕರ್_ಮಗ_ಬಳ್ಳಾರಿ

ಮೇಡಂ, ಬಣ್ಣ ಬಿರುಕು ಬಿಟ್ಟಿರದಿದ್ದರೆ ನಾನೂ ಮೊದಲು ಪಿಡಿಆರ್ ಅಂತಲೇ ಹೇಳ್ತಿದ್ದೆ. ಹೊಸ ಗಾಡಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಫ್ಯಾಕ್ಟರಿ ಪೇಂಟ್ ಹಾಗೇ ಉಳಿಯುತ್ತೆ. ಹಿಂದಿನಿಂದ ಉದ್ದ ಕಡ್ಡಿ ತೂರಿಸಿ ಸ್ವಲ್ಪ ಸ್ವಲ್ಪ ಒತ್ತುತ್ತಾರೆ, ಇಲ್ಲದಿದ್ದರೆ ಹೊರಗಿನಿಂದ ಗೋಂದು ಹಚ್ಚಿ ಎಳೆಯುತ್ತಾರೆ. ಮೊಂಡು ತಗ್ಗಿಗೆ ಬಹಳ ಚೆನ್ನಾಗಿ ಬರುತ್ತೆ. ಇವರದ್ದು ಗೆರೆ ಮೇಲೆ ಮಡಚಿದೆ, ಬಣ್ಣವೂ ಎದ್ದಿದೆ. ಅಲ್ಲಿ ತಗಡು ಹಿಗ್ಗಿರುತ್ತೆ, ಎಷ್ಟು ಒತ್ತಿದರೂ ಗೆರೆ ಚೂಪು ಬರಲ್ಲ.

ಆದರೆ ನಿಮ್ಮ ಪ್ರಶ್ನೆ ತಪ್ಪಲ್ಲ. ಹೊಸ ಡೋರ್ ಬರುವುದು ಬರೀ ಶೆಲ್, ಅಂದ್ರೆ ಖಾಲಿ ತಗಡು, ಪ್ರೈಮರ್ ಬಣ್ಣದಲ್ಲಿ. ಹಳೆ ಡೋರ್‌ನ ಗಾಜು, ಮೋಟಾರ್, ವೈರಿಂಗ್, ಸ್ಪೀಕರ್, ಬೀಡಿಂಗ್ ಎಲ್ಲ ಬಿಚ್ಚಿ ಇದಕ್ಕೆ ಹಾಕಬೇಕು. ಒಂದು ಕ್ಲಿಪ್ ಮುರಿದರೂ ಕಿರಿಕಿರಿ ಸದ್ದು ಶುರು. ಒಳಗಿನ ನೀರು ತಡೆಯುವ ಪ್ಲಾಸ್ಟಿಕ್ ಶೀಟ್ ಸರಿ ಅಂಟಿಸದಿದ್ದರೆ ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆ. ಇದನ್ನು ಡೆಲಿವರಿ ತಗೊಳ್ಳುವಾಗಲೇ ಪೈಪ್‌ನಲ್ಲಿ ನೀರು ಬಿಟ್ಟು ನೋಡಬೇಕು.

ಸಿಂಧನೂರು_ಸೋನಾ

ನನಗೆ ಜೀರೋ ಡೆಪ್ ಇಲ್ಲ, ಬರೀ ಸಾದಾ ಪಾಲಿಸಿ. ಇದೇ ತರಹ ಆದರೆ ಎಷ್ಟು ಕಟ್ ಆಗುತ್ತೆ?

ಪಾಲಿಸಿ_ಪುಟ

ಗಾಡಿ 6 ತಿಂಗಳ ಒಳಗಿನದಾದರೆ ತಗಡಿನ ಭಾಗಕ್ಕೆ ಕಡಿತ ಇಲ್ಲ. 6 ತಿಂಗಳಿಂದ ಒಂದು ವರ್ಷದವರೆಗೆ 5%, ಎರಡನೇ ವರ್ಷ 10%, ಹೀಗೆ ಏರುತ್ತೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಮೊದಲ ದಿನದಿಂದಲೇ 50%. ಬಂಪರ್ ಪ್ಲಾಸ್ಟಿಕ್ ಅನ್ನೋದು ಮರೆಯಬೇಡಿ, ಹೊಸ ಗಾಡಿಗೂ ಅರ್ಧ ದುಡ್ಡು ನಿಮ್ಮದೇ. ಫೈಬರ್‌ಗೆ 30%. ಗಾಜಿಗೆ ಇಲ್ಲ.

ಪೇಂಟ್ ಲೆಕ್ಕ ಸ್ವಲ್ಪ ಸುತ್ತು. ಬಿಲ್ ಒಟ್ಟಾಗಿ ಬರೆದಿದ್ದರೆ ಅದರಲ್ಲಿ ಕಾಲು ಭಾಗ ಮಟೀರಿಯಲ್ ಅಂತ ಹಿಡಿದು, ಆ ಕಾಲು ಭಾಗದ ಅರ್ಧ ಕಡಿತ. 10,000 ಪೇಂಟ್ ಬಿಲ್‌ಗೆ 1,250 ಹೋಗುತ್ತೆ. ಜನ ಅಂದುಕೊಂಡಷ್ಟು ಇಲ್ಲ.

ಹೊಸ ಗಾಡಿಯವರಿಗೆ ಇನ್ನೊಂದು. ಟೆಂಪರರಿ ರಿಜಿಸ್ಟ್ರೇಷನ್ ಅವಧಿ ಮುಗಿದಿದ್ದು ಪರ್ಮನೆಂಟ್ ನಂಬರ್ ಬಂದಿಲ್ಲ ಅಂದ್ರೆ ಗಾಡಿ ರಸ್ತೆಗೆ ಇಳಿಸಲೇಬೇಡಿ. ಅಂಥ ಒಂದು ಕಾರು ಕಳುವಾದಾಗ ಕ್ಲೇಮ್ ಕೊಡಬೇಕಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಸಿಂಧನೂರು_ಸೋನಾ

ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಗಂಗಾವತಿ_ಭತ್ತ

ನನಗೆ ನಂಬರ್ ಬಂದಿದೆ, ಕೆಎ 37. ಬಚಾವ್. ಪರ್ಲ್ ವೈಟ್ ಬಗ್ಗೆ ಯಾರಾದರೂ ಹೇಳಿ. ಬಿಳಿ ತಾನೇ, ಮ್ಯಾಚ್ ಮಾಡೋದು ಸುಲಭ ಅಂತ ಮಾವ ಅಂತಾರೆ.

ಕೊಪ್ಪಳ_ಟೀಚರ್

ಸುಲಭ ಅಂತೆ! ನಮ್ಮನೆಯವರ ಗಾಡಿ ಪರ್ಲ್ ವೈಟ್. ಹಿಂದಿನ ಡೋರ್ ಹೊರಗೆ ಹೊಡೆಸಿದ್ದು. ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಒಂದೇ ಬಣ್ಣ. ಮನೆಗೆ ತಂದು ಬಿಸಿಲಿಗೆ ನಿಲ್ಲಿಸಿದರೆ ಡೋರ್ ಮಾತ್ರ ಹಾಲಿನ ಹಳದಿ. ಅಕ್ಕಪಕ್ಕದವರೆಲ್ಲ ಬಂದು ಕೇಳಿ ಹೋದರು.

ಟಿಂಕರ್_ಮಗ_ಬಳ್ಳಾರಿ

ಸಾದಾ ಬಿಳಿ ಸುಲಭ. ಪರ್ಲ್ ವೈಟ್ ಬೇರೆಯೇ. ಮೊದಲು ಬಿಳಿ ಬೇಸ್, ಅದರ ಮೇಲೆ ಪರ್ಲ್ ಕೋಟ್, ಅದರ ಮೇಲೆ ಕ್ಲಿಯರ್. ಪರ್ಲ್ ಎಷ್ಟು ಕೈ ಹೊಡೆದರು ಅನ್ನೋದರ ಮೇಲೆ ಶೇಡ್ ಬದಲಾಗುತ್ತೆ. ಒಂದು ಕೈ ಜಾಸ್ತಿ ಆದರೆ ಹಳದಿ ಕಡೆಗೆ ತಿರುಗುತ್ತೆ. ಡೋರ್ ಕಂಬದ ಮೇಲಿರುವ ಪ್ಲೇಟ್‌ನಲ್ಲಿ ಅಥವಾ ಇಂಜಿನ್ ಹತ್ತಿರ ಪೇಂಟ್ ಕೋಡ್ ಇರುತ್ತೆ. ಕೋಡ್ ನೋಡಿ ಕಲಸಿದರೆ ಸಾಲದು, ಒಂದು ಕಾರ್ಡ್ ಮೇಲೆ ಹೊಡೆದು ಒಣಗಿಸಿ ಗಾಡಿ ಪಕ್ಕ ಹಿಡಿದು ನೋಡಬೇಕು. ಅದೂ ಬಿಸಿಲಿನಲ್ಲಿ.

ಇನ್ನೊಂದು, ಬ್ಲೆಂಡ್. ಹೊಸ ಬಣ್ಣವನ್ನು ಡೋರ್ ಅಂಚಿಗೆ ಗೆರೆ ಹೊಡೆದ ಹಾಗೆ ನಿಲ್ಲಿಸದೆ ಪಕ್ಕದ ಪ್ಯಾನೆಲ್ ಮೇಲೆ ತೇಲಿಸಿ ಕರಗಿಸುವುದು. ನಿಮಗೆ ಹೇಗೂ ಹಿಂದಿನ ಡೋರ್, ಕ್ವಾರ್ಟರ್ ಎರಡೂ ಪೇಂಟ್ ಆಗುತ್ತವೆ. ಮುಂದಿನ ಡೋರ್ ಮೇಲೂ ಬ್ಲೆಂಡ್ ಮಾಡ್ತೀರಾ ಅಂತ ಕೇಳಿ, ಎಸ್ಟಿಮೇಟ್‌ನಲ್ಲಿ ಬರೆಸಿ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಫ್ಯಾಕ್ಟರಿಯಿಂದಲೇ ಕೆಲವು ಗಾಡಿಯಲ್ಲಿ ಒಂದು ಎಳೆ ಶೇಡ್ ವ್ಯತ್ಯಾಸ ಇರುತ್ತೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಿಂದಿನ ಬಂಪರ್‌ನ ಪಾರ್ಕಿಂಗ್ ಸೆನ್ಸರ್ ಮೇಲೆ ಮಾತ್ರ ದಪ್ಪಗೆ ಬಣ್ಣ ಬೀಳದಂತೆ ನೋಡಿಕೊಳ್ಳಿ, ಸುಳ್ಳು ಸುಳ್ಳೇ ಕೂಗುತ್ತೆ.

ರಾಯಚೂರು_ಬಿಸಿಲು

ಶೋರೂಮಿನಲ್ಲಿ ಹೊಡೆದರೆ ಫ್ಯಾಕ್ಟರಿ ಪೇಂಟ್ ತರಹವೇ ಇರುತ್ತೆ ಅಲ್ವಾ?

ಟಿಂಕರ್_ಮಗ_ಬಳ್ಳಾರಿ

ಇಲ್ಲ. ಫ್ಯಾಕ್ಟರಿಯಲ್ಲಿ ಬರೀ ಬಾಡಿ ಇರುವಾಗ 140 ಡಿಗ್ರಿ, ಅದಕ್ಕಿಂತ ಜಾಸ್ತಿ ಶಾಖದಲ್ಲಿ ಸುಡುತ್ತಾರೆ. ಜೋಡಿಸಿದ ಗಾಡಿಯನ್ನು ಹಾಗೆ ಸುಟ್ಟರೆ ವೈರ್, ಪ್ಲಾಸ್ಟಿಕ್ ಎಲ್ಲ ಕರಗುತ್ತೆ. ಅದಕ್ಕೇ ಹಾರ್ಡನರ್ ಕಲಸಿದ ಪೇಂಟ್ ಹೊಡೆದು ಬೂತ್‌ನಲ್ಲಿ, ಅಂದ್ರೆ ಧೂಳು ಬರದ ಮುಚ್ಚಿದ ಪೇಂಟ್ ಕೋಣೆಯಲ್ಲಿ, 60 ಡಿಗ್ರಿ ಆಸುಪಾಸು ಒಣಗಿಸುತ್ತಾರೆ. ಹೊರಗಿನ ಒಳ್ಳೆ ಅಂಗಡಿಯವರು ಹೊಡೆಯುವುದೂ ಅದೇ ಪೇಂಟ್. ವ್ಯತ್ಯಾಸ ಬರುವುದು ಬೂತ್‌ನಲ್ಲಿ. ನಮ್ಮ ಬಳ್ಳಾರಿಯ ಗಾಳಿಯಲ್ಲಿ ತೆರೆದ ಶೆಡ್ ಅಂದ್ರೆ ಪೇಂಟಿನಷ್ಟೇ ಧೂಳೂ ಕೂರುತ್ತೆ. ಅಪ್ಪ ಬೇಸಿಗೆಯಲ್ಲಿ ನಸುಕಿನಲ್ಲೇ ಎದ್ದು, ನೆಲಕ್ಕೆ ನೀರು ಹೊಡೆದು, ಬಿಸಿಲೇರುವ ಮುಂಚೆ ಗನ್ ಹಿಡಿಯುತ್ತಿದ್ದರು. ಮಧ್ಯಾಹ್ನ ಹೊಡೆದರೆ ಥಿನ್ನರ್ ಗಾಳಿಯಲ್ಲೇ ಹಾರಿ ಬಣ್ಣ ಮರಳು ಮರಳಾಗಿ ಕೂರುತ್ತೆ.

ಹಾಗಾಗಿ ಹದಿನಾಲ್ಕು ಸಾವಿರದ ಕೆಲಸ ಕೆಟ್ಟದು ಅಂತ ನಾನು ಹೇಳಲ್ಲ. ಬೂತ್ ಇಲ್ಲದ ಕಡೆ ಪರ್ಲ್ ವೈಟ್ ಮಾತ್ರ ಹೊಡೆಸಬೇಡಿ.

ತೋರಣಗಲ್ಲು_ನೈಟ್‌ಶಿಫ್ಟ್

ಕೊನೆಗೂ ಇಬ್ಬರೂ ಒಂದೇ ಕಡೆ ಬಂದ್ವಿ. 😄

ಕೊಪ್ಪಳ_ಟೀಚರ್

ಸ್ವಲ್ಪ ಬೇರೆ ವಿಷಯ, ಆದರೆ ಇಲ್ಲೇ ಕೇಳ್ತೀನಿ. ನಮ್ಮ ತಮ್ಮ ಬೆಂಗಳೂರಿನಲ್ಲಿ ಹೊಸ ಕಾರು ತಗೊಂಡ. ಊರಿಗೆ ತಂದ ಮೇಲೆ ನೋಡಿದರೆ ಬಾನೆಟ್ ಅಂಚಿನಲ್ಲಿ ಬಣ್ಣ ಒರಟು, ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ತುಂತುರು. ಸಾಗಿಸುವಾಗ ಪೆಟ್ಟಾಗಿದ್ದನ್ನು ಪೇಂಟ್ ಮಾಡಿ ಕೊಟ್ಟಿದ್ದಾರೆ ಅನ್ನೋ ಅನುಮಾನ. ಹೇಗೆ ಸಾಬೀತು ಮಾಡೋದು?

ಪಾಲಿಸಿ_ಪುಟ

ಪೇಂಟ್ ದಪ್ಪ ಅಳೆಯುವ ಮೀಟರ್ ಇರುವವರನ್ನು ಹಿಡಿಯಿರಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು, ಸ್ವಲ್ಪ ಹೆಚ್ಚು ಕಡಿಮೆ. ಉಳಿದ ಪ್ಯಾನೆಲ್‌ನಲ್ಲಿ ಅಷ್ಟು ಬಂದು ಬಾನೆಟ್‌ನಲ್ಲಿ ಮಾತ್ರ ಇಮ್ಮಡಿ ಬಂದರೆ ಮತ್ತೆ ಹೊಡೆದಿದ್ದಾರೆ ಅಂತಲೇ ಅರ್ಥ. ಪುಟ್ಟಿ ಇದ್ದರೆ ಇನ್ನೂ ಎಷ್ಟೋ ಮೇಲೆ ಹೋಗುತ್ತೆ. ಅಳತೆಯನ್ನು ವಿಡಿಯೋ ಮಾಡಿ, ಡೀಲರ್‌ಗೆ ಬರವಣಿಗೆಯಲ್ಲಿ ಕೊಡಿ. ಕೇಳದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ದೂರುದಾರ ಇರುವ ಊರಲ್ಲೇ ಕೇಸ್ ಹಾಕಬಹುದು. ಅವರು ಕೊಪ್ಪಳದಲ್ಲೇ ಇದ್ದರೆ ಬೆಂಗಳೂರಿಗೆ ಅಲೆಯುವ ಅಗತ್ಯ ಇಲ್ಲ.

ಗಂಗಾವತಿ_ಭತ್ತ

ಅಪ್‌ಡೇಟ್. ಸರ್ವೇಯರ್ ಬಂದಿದ್ದರು. ನಾನೂ ಎದುರಿಗೇ ನಿಂತಿದ್ದೆ. ಡೋರ್ ಬದಲಿಸಲು ಒಪ್ಪಿದರು. ಕ್ವಾರ್ಟರ್ ಕಟ್ ಮಾಡುವ ಮಾತಿಗೆ ಅವರೇ "ಇದಕ್ಕೆ ಯಾಕ್ರೀ ಕಟ್ಟಿಂಗು, ಎಳೆದರೆ ಬರುತ್ತೆ" ಅಂದರು. ಬಾಡಿಶಾಪ್ ಅಡ್ವೈಸರ್ ಮುಖ ಸಣ್ಣದಾಯ್ತು. "ಫಿನಿಶಿಂಗ್ ಗ್ಯಾರಂಟಿ ಕೊಡಲ್ಲ ಸರ್" ಅಂತ ನನಗೇ ಹೆದರಿಸಿದ. ಹಾಗಾದರೆ ಗ್ಯಾರಂಟಿ ಕೊಡಲ್ಲ ಅಂತ ಜಾಬ್ ಕಾರ್ಡ್ ಮೇಲೆ ಬರೆದು ಸಹಿ ಹಾಕಿ ಅಂದೆ. ಬರೆಯಲಿಲ್ಲ, ಕೆಲಸಕ್ಕೆ ಒಪ್ಪಿದ. ಬಂಪರ್‌ಗೆ ಬರೀ ಪೇಂಟ್. ಎಸ್ಟಿಮೇಟ್ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿದೆ. ಮಾವ ಇನ್ನೂ ಮುನಿಸಿಕೊಂಡಿದ್ದಾರೆ.

ಟಿಂಕರ್_ಮಗ_ಬಳ್ಳಾರಿ

ಜಾಬ್ ಕಾರ್ಡ್ ಮಾತು ಸಖತ್. ಗಾಡಿ ಬಿಡಿಸಿಕೊಳ್ಳಲು ಸಂಜೆ ಹೋಗಬೇಡಿ, ಹಗಲು ಹೋಗಿ. ಮೊದಲು ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ, ಪಕ್ಕದಿಂದ ಬಗ್ಗಿ ತಗಡಿನ ಮೇಲೆ ಲೈಟಿನ ಪ್ರತಿಬಿಂಬ ನೋಡಿ. ಗೆರೆ ನೇರ ಇರಬೇಕು. ಕ್ವಾರ್ಟರ್ ಮೇಲೆ ಹಾದು ಹೋಗುವಾಗ ಅದು ಹಾವಿನಂತೆ ಸೊಟ್ಟಗಾದರೆ ತಗಡು ಇನ್ನೂ ಮಟ್ಟ ಬಂದಿಲ್ಲ. ಆಮೇಲೆ ಬಿಸಿಲಿಗೆ ತಂದು ಶೇಡ್ ನೋಡಿ. ಡೋರ್ ತೆರೆದು ಮುಚ್ಚಿ, ಸಂದಿ ಮೇಲಿಂದ ಕೆಳಗೆ ಒಂದೇ ಅಗಲ ಇದೆಯಾ ನೋಡಿ. ಪವರ್ ವಿಂಡೋ, ಚೈಲ್ಡ್ ಲಾಕ್, ಸ್ಪೀಕರ್ ಒಂದೊಂದನ್ನೂ ಒತ್ತಿ ನೋಡಿ. ನೀರು ಬಿಡುವುದು ಮರೆಯಬೇಡಿ.

ಗಂಗಾವತಿ_ಭತ್ತ

ಗಾಡಿ ಬಂತು. ಲೈಟಿನ ಗೆರೆ ನೇರ ಇದೆ. ಶೇಡ್ ನನ್ನ ಕಣ್ಣಿಗೆ ಗೊತ್ತಾಗಲ್ಲ, ನನ್ನ ಹೆಂಡತಿಗೆ ಒಂದು ಕೋನದಿಂದ ಗೊತ್ತಾಗುತ್ತಂತೆ. ಕ್ಲಿಯರ್ ಕೋಟ್ ಒಳಗೆ ಎರಡು ಮೂರು ಧೂಳಿನ ಕಾಳು ಇತ್ತು, ಬೀಡಿಂಗ್ ಮೇಲೆ ಬಣ್ಣ ತಾಗಿತ್ತು. ಅಲ್ಲೇ ತೋರಿಸಿ, ತಿಕ್ಕಿಸಿ, ಪಾಲಿಶ್ ಮಾಡಿಸಿಕೊಂಡೇ ಬಂದೆ. ನೀರೂ ಬಿಡಿಸಿದೆ, ಒಳಗೆ ಹನಿ ಇಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಒಂದು ಡೌಟ್. ಕೆಲಸದ ಮೇಲೆ ವಾರಕ್ಕೊಮ್ಮೆ ಸಂಡೂರು ಕಡೆ, ಅದಿರು ಗಣಿಯ ಧೂಳಲ್ಲಿ ಹೋಗಬೇಕು. ಹೊಸ ಪೇಂಟ್ ಕಾಪಾಡಲು ಮೇಲೆ ಹಚ್ಚುವ ಸಿರಾಮಿಕ್ ಕೋಟಿಂಗ್ ಈಗಲೇ ಮಾಡಿಸಲಾ?

ಸಂಡೂರು_ಕೆಂಪುಮಣ್ಣು

ಇದಕ್ಕೆ ನಾನು ಹೇಳ್ತೀನಿ, ದಿನಾ ಅದೇ ಧೂಳಲ್ಲಿ ಓಡಾಡುವವನು. ಒಂದು ತಿಂಗಳಾದರೂ ಕೋಟಿಂಗ್, ವ್ಯಾಕ್ಸ್ ಏನೂ ಬೇಡ. ಹೊಸ ಪೇಂಟ್ ಒಳಗಿನ ಥಿನ್ನರ್ ಪೂರ್ತಿ ಹಾರಿಹೋಗಲಿ. ಪೇಂಟರ್ ಎಷ್ಟು ದಿನ ಅಂದರೋ ಅಷ್ಟು ಕಾಯಿರಿ.

ಅದಿರಿನ ಧೂಳು ಅಂದ್ರೆ ಕಬ್ಬಿಣದ ಅದಿರಿನ ಗಟ್ಟಿ ಪುಡಿ, ಬರೀ ಮಣ್ಣಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಸ್ಯಾಂಡ್‌ಪೇಪರ್ ಆಡಿಸಿದಂತೆಯೇ. ಮೊದಲು ಜೋರಾಗಿ ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಶಾಂಪೂ. ಬಿಳಿ ಗಾಡಿ ಮೇಲೆ ಕೆಲವು ತಿಂಗಳಿಗೆ ಕಿತ್ತಳೆ ಬಣ್ಣದ ಚುಕ್ಕಿ ಬರುತ್ತವೆ. ಪೇಂಟ್ ಕೆಳಗಿನಿಂದ ತುಕ್ಕು ಬಂತು ಅಂತ ಬಾಡಿಶಾಪ್‌ಗೆ ಓಡಬೇಡಿ. ಮೇಲೆ ಅಂಟಿದ ಕಬ್ಬಿಣದ ಕಣ ತುಕ್ಕು ಹಿಡಿದಿರುತ್ತೆ, ಅಷ್ಟೇ. ಐರನ್ ರಿಮೂವರ್ ಅಂತ ಸಿಗುತ್ತೆ, ನೆರಳಲ್ಲಿ ಹೊಡೆದರೆ ನೇರಳೆ ಬಣ್ಣಕ್ಕೆ ತಿರುಗಿ ಇಳಿದು ಬರುತ್ತೆ. ಒಣಗಲು ಬಿಡದೆ ತೊಳೆದುಬಿಡಿ. ಅದನ್ನೂ ಹೊಸ ಪೇಂಟ್ ಗಟ್ಟಿಯಾದ ಮೇಲೆಯೇ.

ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ. ಹಾರುವ ಕಲ್ಲು ಬಾನೆಟ್ ಮೇಲೆ ಬಣ್ಣ ಎಬ್ಬಿಸುತ್ತೆ. ಪೇಂಟ್ ಕೋಡ್ ಹೇಳಿ ಸಣ್ಣ ಟಚ್‌ಅಪ್ ಬಾಟಲಿ ತಂದಿಟ್ಟುಕೊಳ್ಳಿ.

ಗಂಗಾವತಿ_ಭತ್ತ

ಆಯ್ತು ಸರ್. ಬಾಟಲಿ ಆರ್ಡರ್ ಮಾಡ್ತೀನಿ.